ವಿಮಾನ ಇಳಿಯುವವರೆಗೆ ಪೊರಕೆ

ಕಡಲು ಹಾರಿದ ಆಂಜನೇಯಸ್ವಾಮಿಗೆ ಮೊದಲು ಕೈಮುಗಿದು ಹೇಳುತ್ತೇನೆ.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಅಜ್ಜಿ ಕೇಳಿದರು: "ಬೆಂಗಳೂರಿಂದ ಕುವೈತ್‌ಗೆ ಇಮಾನ ಎಷ್ಟೊತ್ತು ಹೋಯ್ತದೆ ಕಣಪ್ಪ? ಬೆಳಿಗ್ಗೆ ಮಗಳನ್ನ ಹತ್ತಿಸಿ ಬಂದೆ."

"ಮೂರೂವರೆ ಸಾವಿರ ಕಿಲೋಮೀಟರಮ್ಮ, ಐದು ಗಂಟೆ ಬೇಕು."

ಅಜ್ಜಿ ಗಾಬರಿಯಾಗಿ ಮನೆಯಲ್ಲಿದ್ದ ಸೊಸೆಗೆ ಫೋನ್ ಮಾಡಿದರು. "ಹೋದೋಳು ಊರು ಸೇರೋಗಂಟ ಕಸ ಗುಡಿಸ್ಬಾರ್ದು. ಪೊರಕೆ ಹಿಡಿದೀಯ, ಜೋಕೆ!"

ಆಮೇಲೆ ದಾರಿಯುದ್ದಕ್ಕೂ ಸ್ವಾಮಿಯನ್ನು ಜಪಿಸುತ್ತಲೇ ಇದ್ದರು. ಕಂಬದೂರಿನ ಹತ್ತಿರ ಮಗಳ ಫೋನ್ ಬಂತು: ಸುಖವಾಗಿ ಇಳಿದಳಂತೆ. ಅಜ್ಜಿ ಕಣ್ಣೊರೆಸಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ ಸೊಸೆಗೆ ಕೂಗಿ ಹೇಳಿದರು: "ಸೇರ್ಕಂಡ್ಲು ಕಣಮ್ಮ! ಇನ್ನು ಗುಡಿಸು!"

"ಅಯ್ಯೋ ಅತ್ತಮ್ಮಾ, ಆವಾಗ ನೀವು ಗುಡಿಸ್ಬ್ಯಾಡ ಅನ್ನೋ ಮುಂಚೇನೇ ಗುಡಿಸ್ಬುಟ್ಟಿದ್ದೆ."

ಬಸ್ಸೆಲ್ಲ ನಕ್ಕಿತು. ಅಜ್ಜಿ ಮೇಲೆ ನೋಡಿ ಕೈಮುಗಿದರು. "ಸ್ವಾಮಿ ಇಮಾನದ ಕಡೆ ನೋಡ್ತಿದ್ದ, ಬಿಡು."

ಕೇಳಿದ ನಿಮ್ಮೆಲ್ಲರ ಮನೆಯವರೂ ಸುಖವಾಗಿ ಊರು ಸೇರಲಿ. ಅಷ್ಟರೊಳಗೆ ಯಾರಾದರೂ ಕಸ ಗುಡಿಸಿದ್ದರೆ, ಸ್ವಾಮಿ ಹೀಗೇ ಹೋದವರ ಕಡೆ ನೋಡುತ್ತಿರಲಿ.