ಮೂರು ಬಿಳಿ ಎಳೆ

ಪಾವಗಡದಲ್ಲಿ ಬಸ್ಸಿಳಿದ ದಿನ ಯಾರೋ ಹೆಸರು ಕೇಳಿದರು. ‘ಹನುಮಂತ’ ಅಂದುಬಿಟ್ಟೆ. ನನ್ನ ಹೆಸರು ಕರಿಯಪ್ಪ. ಮನುಷ್ಯ ಒಂದೇ ಮಾತಿಗೆ ಬೇರೆಯವನಾಗಬಹುದು ಅಂತ ಅವತ್ತಿನವರೆಗೂ ಗೊತ್ತಿರಲಿಲ್ಲ.

ಮೊದಲ ಎಲೆಕ್ಷನ್ ಮುಗಿದ ವರ್ಷ ಅದು. ಕಳ್ಳಂಬೆಳ್ಳದಲ್ಲಿ ನಮ್ಮದು ಕಂಬಳಿ ನೇಯುವ ಮನೆ. ಮಗ್ಗಕ್ಕೆ ಹಾಸಿದ ನೂಲು ಕೆಡಿಸಿದೆ ಅಂತ ಅಣ್ಣ ಹತ್ತು ಜನರೆದುರು ಕೋಲು ತಗೊಂಡು ಬಾರಿಸಿದ. ನನಗೂ ಮೂಗಿನ ತುದೀಲೇ ಸಿಟ್ಟು. ಅಂಗಿ, ಚಪ್ಪಲಿ ಕೆರೆ ಏರಿ ಮೇಲೆ ಬಿಟ್ಟು ಹೊರಟೆ. ಮುಳುಗಿ ಸತ್ತ ಅಂತ ಅಳಲಿ ಅಂತ ಬೇಕೆಂದೇ ಬಿಟ್ಟೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮಲ್ಲಿ ಕೆರೆ ನೀರು ಸಿಹಿ, ಇಲ್ಲಿ ಬಾವಿ ನೀರು ಉಪ್ಪುಪ್ಪು. ನಮ್ಮ ಮುದ್ದೆ ಇಲ್ಲಿ ಸಂಗಟಿ, ನಮ್ಮ ಕಂಬಳಿ ಇಲ್ಲಿ ಗೊಂಗಡಿ. ಇಲ್ಲಿನವರ ತೆಲುಗು ಬಾರದೆ ಆರು ತಿಂಗಳು ಒಬ್ಬರ ಮಗ್ಗದಲ್ಲಿ ಮೂಗನ ಹಾಗೆ ನೇಯ್ದೆ. ಉಣ್ಣೆ ನೂಲು ತಂದುಕೊಡುತ್ತಿದ್ದ ನರಸಮ್ಮ ನನ್ನ ತೆಲುಗು ಕೇಳಿ ನಕ್ಕು ನಕ್ಕು, ಕೊನೆಗೆ ನನ್ನನ್ನೇ ಮದುವೆಯಾದಳು. ಹಿಂದೆ ಮುಂದೆ ಯಾರೂ ಇಲ್ಲದವನು ಅಂತ ಅವಳಿಗೆ ಹೇಳಿದ್ದೆ.

ಹೆಸರು ಬಿಟ್ಟೆ, ಕೈಗೆ ಹತ್ತಿದ್ದು ಬಿಡಲಿಲ್ಲ. ಕಂಬಳಿಯ ಕೊನೆಗೆ ಮೂರು ಬಿಳಿ ಎಳೆ ಹಾಕುವುದು ಅಪ್ಪ ಕಲಿಸಿದ ಮನೆಯ ಗುರುತು. ಇಲ್ಲೂ ಯೋಚಿಸದೆ ಹಾಕುತ್ತಲೇ ಬಂದೆ. ಎಂಟು ವರ್ಷದ ಮೇಲೆ ಅಂಥದೊಂದು ಕಂಬಳಿ ಶಿರಾ ಸಂತೆಯಲ್ಲಿ ಅಣ್ಣನ ಕಣ್ಣಿಗೆ ಬಿತ್ತು. ಮಾರುವವನನ್ನು ವಿಚಾರಿಸಿಕೊಂಡು ಸೀದಾ ನನ್ನ ಮಗ್ಗದ ಮುಂದೆ ಬಂದು ನಿಂತ.

“ಕರಿಯಾ, ನಿನ್ ತಿಥಿ ಮಾಡ್ಬುಟ್ಟಿದೀನಿ ಕಣ್ಲಾ,” ಅಂದವನು ಕುಸಿದು ಕೂತು ಅತ್ತ. ನಾನೂ ಅತ್ತೆ.

ತಿಥಿಯಾದವನು ಮನೆ ಹೊಸ್ತಿಲು ದಾಟಬೇಕಾದರೆ ಹುಟ್ಟಿದ ಕೂಸಿನ ಹಾಗೆ ಮತ್ತೆ ಹೆಸರಿಡಿಸಿಕೊಳ್ಳಬೇಕು. ಅದೆಲ್ಲ ಮಾಡಿಸ್ತೀನಿ, ಅವ್ವ ಕಾಯ್ತವಳೆ, ನಡಿ ಅಂದ. ನರಸಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಕರಿಯಪ್ಪ ಊರಿಗೆ ಹೋಗ್ಲಿ. ನಾನು ಹನುಮಂತನ ಹೆಂಡ್ತಿ, ನಾನೆಲ್ಲಿಗೆ ಹೋಗ್ಲಿ?” ಅಂದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳನ್ನೂ ಕರಕೊಂಡೇ ಹೋದೆ. ದಾರಿಯುದ್ದಕ್ಕೂ ಇವಳು ಅಲ್ಲಿಂದಲೇ ತಿರುಗಿ ಹೋಗಿಬಿಟ್ಟರೆ ಅನ್ನೋದೊಂದೇ ನನಗೆ ದಿಗಿಲು. ಊರು ಮುಟ್ಟಿದ ಮೇಲೆ ಅಣ್ಣ ಅವಳ ಮಾತನ್ನು ಅವ್ವನಿಗೆ ಹೇಳಿದ. ಹೊಸ್ತಿಲ ಹೊರಗೆ ನನಗೆ ನೀರು ಹುಯ್ದು, ಮನೆಯ ಹಿರಿಯಳು ಹೆಸರು ಹೇಳಬೇಕು ಅಂದರು ಪೂಜಾರಪ್ಪ. ಅವ್ವ ಸೊಸೆಯ ಮುಖವನ್ನೇ ಒಂದು ಗಳಿಗೆ ನೋಡಿದಳು. ನನ್ನ ತಲೆ ಸವರಿ, “ಹನುಮಂತ,” ಅಂದಳು.

ಮತ್ತೆ ಪಾವಗಡಕ್ಕೇ ಬಂದೆವು. ವರ್ಷಕ್ಕೊಮ್ಮೆ ಊರಿಗೆ ಹೋಗ್ತೀನಿ, ಅಲ್ಲೂ ಈಗ ಎಲ್ಲರಿಗೂ ಹನುಮಂತನೇ. ಕರಿಯಾ ಅಂತ ಅವ್ವ ಇನ್ನೊಂದು ಸಲ ಕರೆಯಲಿ ಅಂತ ಆಸೆ. ಕೇಳೋಕೆ ಬಾಯಿ ಬರಲ್ಲ.