ಗೊಂಬೆಯ ಒಪ್ಪಿಗೆ

ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಸಿಸ್ಟರಕ್ಕನನ್ನು ಪರದೇಶದಲ್ಲಿ ಫೇಲು ಮಾಡಿದ್ದು ಒಂದು ರಬ್ಬರ್ ಗೊಂಬೆ.

ಸಿಸ್ಟರಕ್ಕ ಎಂಬುದು ಅವಳ ಹೆಸರಲ್ಲ. ಅಕ್ಕ ಎಂದರೆ ಸಲಿಗೆ ಹೆಚ್ಚಾಯಿತು, ಸಿಸ್ಟರ್ ಎಂದರೆ ಪ್ರೀತಿ ಸಾಲದು ಎನ್ನಿಸಿದ ಯಾರೋ ಬಾಣಂತಿ ಎರಡನ್ನೂ ಸೇರಿಸಿ ಹೊಲಿದ ಅಂಗಿ ಅದು. ಕೊನೆಗೆ ದೊಡ್ಡ ಡಾಕ್ಟರೂ ಹಾಗೇ ಕರೆಯತೊಡಗಿದರು. ಕೈಗುಣ ಅಂಥದ್ದು. ಬಾಯಿಗೆ ಮಾತ್ರ ಬರುತ್ತಿದ್ದದ್ದು ಎರಡೇ ಮಾತು: "ಮುಕ್ಕರಿಸಮ್ಮ" ಮತ್ತು "ಸಾಕು ಬಿಡು". ಉಳಿದದ್ದನ್ನೆಲ್ಲ ಕೈಯೇ ನೋಡಿಕೊಳ್ಳುತ್ತಿತ್ತು.

ಹೊರಗೆ ಕಲಿತು ಬಂದವರು ಗೊಂಬೆಗೆ ಹೆರಿಗೆ ಮಾಡಿಸಿ ತೋರಿಸಿದರೆ ಮಾತ್ರ ಮನುಷ್ಯರನ್ನು ಮುಟ್ಟಬಹುದು ಎಂಬುದು ಆ ದೇಶದ ಕಾನೂನು. ಅವಕಾಶ ಎರಡೇ. ಮೊದಲ ಸಲ ಸಿಸ್ಟರಕ್ಕ ಗೊಂಬೆಯ ಹೊಟ್ಟೆಯಿಂದ ಗೊಂಬೆಮರಿಯನ್ನು ನಾಲ್ಕೇ ನಿಮಿಷದಲ್ಲಿ ಹೊರತೆಗೆದಳು. ಒರೆಸಿದಳು, ಬಟ್ಟೆಯಲ್ಲಿ ಸುತ್ತಿದಳು, ಹಳೇ ರೂಢಿಯಂತೆ ಎತ್ತಿಕೊಂಡು ಬಾಗಿಲು ತೆರೆದು ಹೊರಗೇ ಬಂದುಬಿಟ್ಟಳು.

"ಈಯಮ್ಮನ ಕಡೆಯೋರು ಯಾರ್ರೀ?"

ಕಾರಿಡಾರಿನಲ್ಲಿ ಕೂತಿದ್ದವರು ತಮ್ಮ ಸರದಿಗೆ ಕಾಯುತ್ತಿದ್ದ ಆರು ಜನ ಅಭ್ಯರ್ಥಿಗಳು. ಅವರಲ್ಲೊಬ್ಬ ಗಾಬರಿಯಲ್ಲಿ ಎದ್ದು ಎರಡೂ ಕೈ ಚಾಚಿದ. ಸಿಸ್ಟರಕ್ಕ ಅವನ ಕೈಗೆ ಮಗು ಕೊಟ್ಟು, "ಹೆಣ್ಣು, ಮೂರು ಕೆಜಿ," ಎಂದಳು.

ಫಲಿತಾಂಶದ ಹಾಳೆ ಹೇಳಿತು: ತಾಯಿಯನ್ನು ಒಬ್ಬಳನ್ನೇ ಬಿಟ್ಟು ಹೋದರು. ಮಗುವನ್ನು ಅಪರಿಚಿತನಿಗೆ ಕೊಟ್ಟರು. ಯಾವುದಕ್ಕೂ ಒಪ್ಪಿಗೆ ಕೇಳಲಿಲ್ಲ. ಮಾಡುವುದನ್ನು ಬಾಯಿಬಿಟ್ಟು ಹೇಳಲಿಲ್ಲ.

ಇನ್ನುಳಿದದ್ದು ಒಂದೇ ಅವಕಾಶ. ಅದೂ ಹೋದರೆ ವೀಸಾ ಮುಗಿದು ವಾಪಸು ಹೊರಡಬೇಕು. ಊರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಬೀಳ್ಕೊಡುಗೆಯಲ್ಲಿ ಹನ್ನೊಂದು ಜನ ಭಾಷಣ ಮಾಡಿದ್ದರು, ಇಬ್ಬರು ಅತ್ತಿದ್ದರು. ಅವರ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

"ಎಲ್ಲಾನೂ ಕೂಗಿ ಹೇಳ್ಬೇಕು ಅಷ್ಟೇ ತಾನೆ? ಮೂವತ್ತು ವರ್ಷದಿಂದ ನಾನು ಮಾಡ್ತಿರೋದು ಅದೇ ಕಣೇ," ಎಂದ ಊರಿನಲ್ಲಿದ್ದ ಗಂಡ, ವೀಡಿಯೋ ಕಾಲಿನಲ್ಲಿ. ಅವನು ಬಸ್ ಕಂಡಕ್ಟರ್. ಅಂದಿನಿಂದ ಅಭ್ಯಾಸ ಶುರುವಾಯಿತು. ಗರ್ಭಿಣಿಯ ಪಾತ್ರಕ್ಕೆ ಅವನೇ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಮಲಗಿದ. ನಮ್ಮ ಗಂಡಸು ಜಾತಿಗೆ ಸಹಜವಾಗಿ ಎರಡನೇ ನಿಮಿಷಕ್ಕೆ ಗೊರಕೆ ಹೊಡೆದ. ಆಗ ಅತ್ತೆಯೇ ಮುಂದೆ ಬಂದರು. ವಯಸ್ಸು ಎಪ್ಪತ್ತಮೂರು.

"ನಮಸ್ಕಾರ. ನಾನು ನಿಮ್ಮ ಸೂಲಗಿತ್ತಿ. ನಿಮ್ಮ ಹೊಟ್ಟೆ ಮುಟ್ಟಿ ನೋಡ್ತೀನಿ, ಒಪ್ಪಿಗೆ ಇದೆಯಾ?" ಎಂದಳು ಸಿಸ್ಟರಕ್ಕ ಫೋನಿನೊಳಗಿನಿಂದ.

"ಇಲ್ಲ," ಎಂದರು ಅತ್ತೆ.

"ಅತ್ತೆ, ಇದೆ ಅನ್ಬೇಕು."

"ಯಾಕನ್ಲಿ? ಮದುವೆಯಾಗಿ ಇಷ್ಟು ವರ್ಷಕ್ಕೆ ಇವತ್ತು ನೀನು ನನ್ನನ್ನ ಒಂದು ಮಾತು ಕೇಳಿದೀಯ. ಅಷ್ಟು ಸುಲಭಕ್ಕೆ ಹೂಂ ಅಂತೀನಾ?"

"ಅಮ್ಮಾ, ಟೈಮ್ ಆಗ್ತಿದೆ! ರೈಟ್ ಹೇಳು!" ಎಂದು ಕಂಡಕ್ಟರ್ ಕೂಗಿದ.

ಹೀಗೆ ಮೂರು ವಾರ ಕಳೆಯಿತು. ಕೈ ತೊಳೆದರೂ ಹೇಳುವುದು, ಪರದೆ ಎಳೆದರೂ ಹೇಳುವುದು. ಅತ್ತೆಯ ತಕರಾರುಗಳಿಗೆ ಉತ್ತರ ಕೊಟ್ಟು ಕೊಟ್ಟು ಸಿಸ್ಟರಕ್ಕನ ನಾಲಿಗೆ ಸಾಣೆ ಹಿಡಿದಂತಾಯಿತು.

ಎರಡನೇ ಪರೀಕ್ಷೆಯ ದಿನ ಬಂತು. ಮಗುವಿನ ತಲೆ ಹೊರಗೆ ಬಂದು ಭುಜ ಒಳಗೆ ಸಿಕ್ಕಿಕೊಂಡಿದೆ, ಬಿಡಿಸಿ, ಎಂಬುದು ಪ್ರಶ್ನೆ. ಗೊಂಬೆಯ ಪರವಾಗಿ ಮಾತಾಡಲು ಮೂಲೆಯಲ್ಲಿ ಪರೀಕ್ಷಕಿ ಕೂತಿದ್ದಳು. ಇಂಥ ಹೊತ್ತಿನಲ್ಲಿ ತಾಯಿಯ ಎರಡೂ ಕಾಲು ಮಡಚಿ ಮಂಡಿಯನ್ನು ಹೊಟ್ಟೆಯ ಕಡೆಗೆ ಒತ್ತಬೇಕು, ಜಾಗವಾಗುತ್ತದೆ. ಸಿಸ್ಟರಕ್ಕ ಹೇಳಿದಳು, ಕೇಳಿದಳು, ಒಪ್ಪಿಗೆ ಪಡೆದಳು. ಬಲಗಾಲು ಮಡಚಿತು. ಎಡಗಾಲು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಎಷ್ಟು ಜನ ಅಭ್ಯರ್ಥಿಗಳ ಕೈಯಲ್ಲಿ ಹೆತ್ತಿತ್ತೋ ಪಾಪ, ಸೊಂಟದ ಕೀಲೇ ಬಿಗಿದುಕೊಂಡಿತ್ತು.

ಗೋಡೆಯ ಗಡಿಯಾರ ಓಡುತ್ತಿತ್ತು. ಸಿಸ್ಟರಕ್ಕನ ಕುತ್ತಿಗೆಯಲ್ಲಿ ಬೆವರಿಳಿಯಿತು. ಕೈ ನಿಂತಿತು, ಅಭ್ಯಾಸದ ಬಲದಿಂದ ಬಾಯಿ ನಿಲ್ಲಲಿಲ್ಲ.

"ನೋಡಿಮ್ಮಾ, ನಿಮ್ಮ ಎಡಗಾಲು ಮಡಚ್ತಾ ಇಲ್ಲ. ಮಗುವಿಗೆ ಹೊತ್ತಿಲ್ಲ. ಅದಕ್ಕೇ ಈಗ ನಿಮ್ಮ ಕಾಲನ್ನ ಕಳಚ್ತೀನಿ. ನೋವಾದ್ರೆ ತಕ್ಷಣ ಹೇಳಿ. ಒಪ್ಪಿಗೆ ಇದೆಯಾ?"

ಪರೀಕ್ಷಕಿ ಕಾಗದದಿಂದ ತಲೆಯೆತ್ತಿದಳು. ಅವಳ ಕೈಲಿದ್ದ ಪಟ್ಟಿಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ.

"ಒಪ್ಪಿಗೆ ಇದೆಯಾಮ್ಮಾ?"

"ಇ... ಇದೆ," ಎಂದಳು ಪರೀಕ್ಷಕಿ.

ಸಿಸ್ಟರಕ್ಕ ತಿರುಪು ಬಿಚ್ಚಿದಳು, ಕಾಲು ಕಳಚಿ ಪಕ್ಕದ ಕುರ್ಚಿಯ ಮೇಲಿಟ್ಟಳು, ಹಾಗೆ ಇಟ್ಟದ್ದನ್ನೂ ಹೇಳಿದಳು. ಆ ಕಡೆಯಿಂದ ಒಳಗೆ ಕೈ ಹಾಕಿ ಭುಜ ತಿರುಗಿಸಿದಳು. ಮಗು ಜಾರಿ ಬಂತು. ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ, "ಗಟ್ಟಿ ಹೆಣ್ಣುಮಗಳು ಕಣಮ್ಮಾ ನೀವು. ಬೇರೆ ಯಾರಾದ್ರೂ ಆಗಿದ್ರೆ ಒಂದು ಕಾಲಲ್ಲಿ ಹೆರೋಕಾಗ್ತಿತ್ತಾ?" ಎಂದು ಗೊಂಬೆಯ ತಲೆ ನೇವರಿಸಿದಳು.

ಪರೀಕ್ಷಕಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಅವಳ ಭುಜ ಕುಲುಕುತ್ತಿತ್ತು. ಗಂಟೆ ಹೊಡೆದರೂ ಸಿಸ್ಟರಕ್ಕ ಕಾಲು ಮರುಜೋಡಿಸಿ, ಹೊದಿಕೆ ಸರಿಮಾಡಿಯೇ ಹೊರಟಳು.

ಐದನೇ ದಿನ ಇಮೇಲ್ ಬಂತು. ಓದುವಷ್ಟು ಧೈರ್ಯ ಅವಳಿಗಿರಲಿಲ್ಲ. ಫೋಟೋ ತೆಗೆದು ಗಂಡನಿಗೆ ಕಳಿಸಿದಳು. ಅವನು ಸ್ಟಾಪು ಕೂಗುವ ದನಿಯಲ್ಲೇ ಓದಿದ:

"ಪಾಸು! ತಾಯಿಯೊಂದಿಗೆ ಸಂಭಾಷಣೆ, ಪೂರ್ತಿ ಅಂಕ! ತಡಿ ತಡಿ, ಕೆಳಗೆ ಇನ್ನೊಂದು ಸಾಲಿದೆ... 'ತಮ್ಮ ಪರೀಕ್ಷೆಯ ಮರುದಿನ ಹೆರಿಗೆಯ ನಡುವೆ ಗೊಂಬೆಯ ಕಾಲು ಅಭ್ಯರ್ಥಿಯೊಬ್ಬರ ಕೈಗೇ ಬಂದಿತು. ತಿರುಪು ತಮ್ಮ ಬಳಿ ಇದ್ದಲ್ಲಿ ದಯವಿಟ್ಟು ಹಿಂತಿರುಗಿಸಿ.'"

ಸಿಸ್ಟರಕ್ಕ ಪರೀಕ್ಷೆಯ ದಿನ ತೊಟ್ಟಿದ್ದ ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಇತ್ತು.