ಫಕೀರವ್ವನ ಕಿವಿಯ ಅಳತೆ

ಅಣ್ಣಿಗೇರಿಯ ಹಳೆಯ ಟಾಕೀಸಿನಲ್ಲಿ ಫಕೀರವ್ವ ಇಪ್ಪತ್ತೆರಡು ವರ್ಷ ಹೆಂಗಸರ ಬಾಗಿಲು ಕಾದಳು. ಬಾಗಿಲ ಹೊರಗೆ, ಒಳಕ್ಕೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂಡುವ ಕೆಲಸ. ಒಂದು ಚಿತ್ರವನ್ನೂ ಪೂರ್ತಿ ನೋಡಿದವಳಲ್ಲ, ಎಲ್ಲವನ್ನೂ ಕೇಳಿದವಳು. ಟಾಕೀಸು ಮುಚ್ಚಿ ಹತ್ತಿಯ ಗೋದಾಮು ಆದ ಮೇಲೂ ಆ ಕಡೆ ಬಂದಾಗಲೆಲ್ಲ ಮೆಟ್ಟಿಲು ಗುಡಿಸಿ ಹೋಗುತ್ತಿದ್ದಳು.

೧೯೮೬ರಲ್ಲಿ ಮಾಲೀಕ ಕುಬೇರಪ್ಪನವರು ಊರಿನ ನಾಟಕ, ಭಜನೆ, ಸಭೆಗಳಿಗೆಂದು ಕಟ್ಟಡ ಬಿಟ್ಟುಕೊಟ್ಟರು. ಊರವರು ಸೂರು ರಿಪೇರಿ ಮಾಡಿ, ಗೋಡೆಗೆ ಬಡಿದಿದ್ದ ಕೊಳೆತ ಗೋಣಿತಟ್ಟು ಕಿತ್ತು, ನುಣ್ಣಗೆ ಗಿಲಾವು ಮಾಡಿಸಿದರು. ಆಮೇಲೆ ನೋಡಿದರೆ, ವೇದಿಕೆಯ ಮೇಲೆ ಆಡಿದ ಒಂದು ಮಾತೂ ತಿಳಿಯದು; ಶಬ್ದದ ಮೇಲೆ ಶಬ್ದ ಬೀಳುತ್ತಿತ್ತು. ಹೈಸ್ಕೂಲಿನ ವಿಜ್ಞಾನ ಮಾಸ್ತರನೆಂದು ನನ್ನನ್ನು ಕರೆದರು. ಚಪ್ಪಾಳೆ ತಟ್ಟಿ ಸ್ಟಾಪ್‌ವಾಚ್ ಒತ್ತಿದೆ. ಸಪ್ಪಳ ಅಡಗಲು ಐದು ಸೆಕೆಂಡು. ನಾಟಕಕ್ಕೆ ಬಾರದು ಎಂದು ವರದಿ ಬರೆದೆ. ಹಾಗಾದರೆ ಮತ್ತೆ ಹತ್ತಿಯನ್ನೇ ತುಂಬುತ್ತೇನೆ ಎಂದರು ಕುಬೇರಪ್ಪ.

ಮರುದಿನ ಫಕೀರವ್ವ ಶಾಲೆಗೇ ಬಂದಳು.

“ಮಾಸ್ತರ, ನೀವು ಖಾಲಿ ಮನಿ ಅಳದೀರಿ. ಖಾಲಿ ಇದ್ರ ಅದು ಯಾವಾಗಲೂ ಹಂಗ ಒದರತೈತ್ರಿ. ಮಂದಿ ಕುಂತ್ರ ಸುಮ್ನ ಕೇಳತೈತಿ.”

ಹೊರಗೆ ಕೂತೇ, ದನಿಯ ಮೇಲಿಂದ ಒಳಗೆ ಎಷ್ಟು ಮಂದಿ ಇದ್ದಾರೆಂದು ಹೇಳುತ್ತಿದ್ದೆ ಎಂದಳು. ನಾನು ಪೂರ್ತಿ ನಂಬಲಿಲ್ಲ. ಬಿತ್ತನೆಯ ದಿನಗಳು, ಹಗಲಲ್ಲಿ ಮಂದಿಯನ್ನು ಕೂಡಿಸುವುದೂ ಆಗದು. ಮಂದಿಯಂತೆ ದಪ್ಪ ಬಟ್ಟೆಯೂ ಸಪ್ಪಳ ಹೀರುತ್ತದೆ, ಮಂದಿ ಬದಲು ಅದು ನಡೆದೀತು ಎಂದೆ. ಅವಳು ಮನೆಮನೆಗೆ ಹೋಗಿ ಹೊದೆಯುವ ಕೌದಿ ಕೇಳಿ ತಂದಳು. ನಲವತ್ತಮೂರು.

“ಸಂಜಿಗೆ ವಾಪಸ್ ಕೊಡಬೇ,” ಎಂದಳಂತೆ ಕೌದಿ ಕೊಟ್ಟವರಲ್ಲಿ ಒಬ್ಬಳಾದ ಜರೀನಾಬಿ, “ಇಲ್ಲಂದ್ರ ನಾವೆಲ್ಲಾ ನಿನ್ನ ಟಾಕೀಸಿನ್ಯಾಗ ಬಂದು ಮಲಗತೇವಿ.”

ಗೋಡೆಗುಂಟ ಹಗ್ಗ ಕಟ್ಟಿ ಕೌದಿ ಹರವಿದೆವು. ಫಕೀರವ್ವ ಹೊರಗೆ ಹೋಗಿ ತನ್ನ ಹಳೆಯ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತಳು. ಚಪ್ಪಾಳೆ ತಟ್ಟಿದೆ. ಎರಡು ಸೆಕೆಂಡು. ಮೂರು ಸಲ ತಟ್ಟಿದರೂ ಎರಡೇ. ಅಳತೆ ನೋಡಲು ಬಂದಿದ್ದ ಕುಬೇರಪ್ಪ ವೇದಿಕೆಯ ಮೇಲೆ ನಿಂತು, ದನಿಯ ಲೆಕ್ಕದಲ್ಲಿ ಒಳಗೆ ಈಗ ಎಷ್ಟು ಮಂದಿ ಎಂದು ಮೆಲ್ಲಗೆ ಕೇಳಿದರು.

“ಅರ್ಧಾ ಮನಿ ತುಂಬೇತ್ರಿ,” ಎಂದಳು ಹೊರಗಿನಿಂದ. “ನೂರೈವತ್ತು ಮಂದಿ.”

ಒಳಗಿದ್ದವರು ನಾವಿಬ್ಬರೇ.

ಶಾಲೆಗೆ ಬಂದು ಪುಸ್ತಕ ತೆಗೆದೆ. ಒಂದು ಕೌದಿ ಎಷ್ಟು ಶಬ್ದ ಹೀರುತ್ತದೆ, ಕೂತ ಮನುಷ್ಯ ಎಷ್ಟು ಹೀರುತ್ತಾನೆ, ಲೆಕ್ಕ ಹಾಕಿದೆ. ನಲವತ್ತಮೂರು ಕೌದಿಗೆ ನೂರನಲವತ್ತನಾಲ್ಕು ಮಂದಿ. ಎರಡು ಸಲ ಮಾಡಿದರೂ ಅಷ್ಟೇ ಬಂತು. ಹಳೆಯ ವರದಿ ಹರಿದು, ಮಂದಿ ಕೂತರೆ ನಾಟಕಕ್ಕೆ ಬರುತ್ತದೆ ಎಂದು ಹೊಸದು ಬರೆದೆ.

ಹೊಸ ವರದಿ ಓದಿ ಕುಬೇರಪ್ಪ ಹತ್ತಿಯ ಗಾಡಿಗಳನ್ನು ಬೇರೆ ಕಡೆ ಕಳಿಸಿದರು. ಆ ವರದಿಯಲ್ಲಿ ‘ಅಳತೆ ಮಾಡಿದವರು’ ಎಂಬಲ್ಲಿ ಮೊದಲು ಫಕೀರವ್ವನ ಹೆಸರಿದೆ, ಕೆಳಗೆ ನನ್ನದು.